ಲ್ಯಾಂಬ್ಡಾ ಮೂಲಕ ಫೋಟೊ ಅಪ್‌ಲೋಡ್: 5 ಎಂಬಿ ದಾಟಿದರೆ 413

ಪ್ರಶ್ನೆ (ದಾವಣಗೆರೆ):
ಇಲ್ಲಿನ ಎಪಿಎಂಸಿಯ ಮೆಕ್ಕೆಜೋಳ ವರ್ತಕರಿಗೆ ವೆಬ್ ಆ್ಯಪ್. ಮಾಲಿನ ಫೋಟೊ ಅಮೆಜಾನ್ ಕ್ಲೌಡ್‌ನ (ಎಡಬ್ಲ್ಯೂಎಸ್) ಎಪಿಐ ಗೇಟ್‌ವೇ (ರಿಕ್ವೆಸ್ಟ್ ಸ್ವೀಕರಿಸುವ ಬಾಗಿಲು), ಲ್ಯಾಂಬ್ಡಾ (ಕರೆದಾಗ ಮಾತ್ರ ಓಡುವ ಕೋಡ್) ದಾಟಿ ಎಸ್3 (ಫೈಲ್ ಸಂಗ್ರಹ) ಸೇರಬೇಕು. 2 ಎಂಬಿ ಸಲೀಸು, 5 ಎಂಬಿಗೆ 413 (ರಿಕ್ವೆಸ್ಟ್ ತೀರಾ ದೊಡ್ಡದು ಅನ್ನೋ ಎರರ್). ಗೇಟ್‌ವೇ ಮಿತಿ 10 ಎಂಬಿ ಅಲ್ವಾ? ಲ್ಯಾಂಬ್ಡಾದ ಮೆಮೊರಿ ಹೆಚ್ಚಿಸಿದರೂ ಅದೇ ಕಥೆ.

ಉತ್ತರ 1:
ಅಡ್ಡಿ ಗೇಟ್‌ವೇದಲ್ಲ ಸರ್, ಲ್ಯಾಂಬ್ಡಾದ್ದು. ಅದು ಒಂದು ರಿಕ್ವೆಸ್ಟ್‌ಗೆ 6 ಎಂಬಿ ಮಾತ್ರ ತಗೊಳ್ಳುತ್ತೆ. ಫೋಟೊ ಬೇಸ್64 (ಫೈಲನ್ನು ಅಕ್ಷರಗಳಾಗಿ ಬರೆಯುವ ರೂಪ) ಆಗುವಾಗ ಮೂರನೇ ಒಂದು ಪಾಲು ಉಬ್ಬಿ, 5 ಇದ್ದದ್ದು 6.7 ಆಗುತ್ತೆ. ಮೆಮೊರಿಗೂ ಇದಕ್ಕೂ ಸಂಬಂಧವೇ ಇಲ್ಲ.

ಫೋಟೊವನ್ನು ಲ್ಯಾಂಬ್ಡಾ ಒಳಗೆ ಹಾಯಿಸಲೇಬೇಡಿ. ಅದು 300 ಸೆಕೆಂಡ್ ಅವಧಿಯ ಪ್ರೀಸೈನ್ಡ್ ಯುಆರ್‌ಎಲ್ (ಮೊದಲೇ ಸಹಿ ಮಾಡಿದ ತಾತ್ಕಾಲಿಕ ಲಿಂಕ್) ಕೊಡಲಿ, ಬ್ರೌಸರ್ ನೇರವಾಗಿ ಎಸ್3ಗೆ ಪುಟ್ (ಫೈಲ್ ಕಳಿಸುವ ರಿಕ್ವೆಸ್ಟ್) ಮಾಡಲಿ. ಲ್ಯಾಂಬ್ಡಾ ರೋಲ್‌ಗೆ (ಅದಕ್ಕೆ ಕೊಟ್ಟ ಹಕ್ಕುಗಳ ಪಟ್ಟಿ) ಪುಟ್‌ಆಬ್ಜೆಕ್ಟ್, ಅಂದರೆ ಫೈಲ್ ಬರೆಯುವ ಅನುಮತಿ ಇರಬೇಕು, ಬಕೆಟ್‌ನ (ಎಸ್3ಯ ಫೈಲ್ ಡಬ್ಬಿ) ಕಾರ್ಸ್‌ನಲ್ಲಿ (ಯಾವ ವೆಬ್‌ಸೈಟ್‌ನಿಂದ ಬರಬಹುದು ಅನ್ನೋ ನಿಯಮ) ನಿಮ್ಮ ಡೊಮೇನ್ ಇರಬೇಕು. ಸೈನ್ ಮಾಡುವಾಗ ಕಂಟೆಂಟ್-ಟೈಪ್ (ಫೈಲ್ ಯಾವ ಬಗೆಯದು ಅನ್ನೋ ಹೆಡರ್) ಸೇರಿಸಿದ್ದರೆ ಬ್ರೌಸರ್ ಕೂಡ ಅಕ್ಷರಶಃ ಅದನ್ನೇ ಕಳಿಸಬೇಕು, ವ್ಯತ್ಯಾಸವಾದರೆ 403 (ಅನುಮತಿ ಇಲ್ಲ ಅನ್ನೋ ಎರರ್). ಹೆಚ್ಚಿನವರು ಸಿಕ್ಕಿಬೀಳೋದು ಇಲ್ಲೇ.

ಉತ್ತರ 2:
ಗಾತ್ರಕ್ಕೆ ಗರಿಷ್ಠ ಮಿತಿ ಬೇಕಾದರೆ ಪುಟ್ ಬದಲು ಪ್ರೀಸೈನ್ಡ್ ಪೋಸ್ಟ್ (ಫಾರ್ಮ್ ರೂಪದ ಅಪ್‌ಲೋಡ್) ಬಳಸಿ, ಅದರ ಪಾಲಿಸಿಯಲ್ಲಿ (ಷರತ್ತುಗಳ ಪಟ್ಟಿ) ಕಂಟೆಂಟ್-ಲೆಂಗ್ತ್-ರೇಂಜ್, ಅಂದರೆ ಗಾತ್ರದ ಮಿತಿ, ಹಾಕಿ. ಜಗಳೂರು ಕಡೆಯ ಹಳ್ಳಿಗಳಿಂದಲೂ ಅಪ್‌ಲೋಡ್ ಇದ್ದರೆ, ನೆಟ್ ನಿಧಾನವಿದ್ದಾಗಲೂ ಹೋಗುವಂತೆ, ಬ್ರೌಸರ್‌ನಲ್ಲೇ ಕ್ಯಾನ್ವಾಸ್ (ಚಿತ್ರ ಬಿಡಿಸುವ ಸೌಲಭ್ಯ) ಮೂಲಕ ಫೋಟೊ ಕುಗ್ಗಿಸಿ ಕಳಿಸೋದು ಒಳ್ಳೇದು.

ಪ್ರಶ್ನೆ ಕೇಳಿದವರು:
ಧನ್ಯವಾದ. ಅಪ್‌ಲೋಡ್ ಮುಗಿದದ್ದು ಡೇಟಾಬೇಸ್‌ಗೆ ಹೇಗೆ ಗೊತ್ತಾಗಬೇಕು? ಥಂಬ್‌ನೇಲ್ (ಫೋಟೊದ ಪುಟ್ಟ ಪ್ರತಿ) ಕೂಡ ಬೇಕು.

ಉತ್ತರ 1:
ಎಸ್3 ಈವೆಂಟ್‌ನಿಂದ (ಫೈಲ್ ಬಂತು ಅನ್ನೋ ಸೂಚನೆ) ಇನ್ನೊಂದು ಲ್ಯಾಂಬ್ಡಾ ಓಡಿಸಿ, ಅದು ಡೇಟಾಬೇಸ್‌ಗೆ ಬರೆಯಲಿ. ಒಂದೇ ಈವೆಂಟ್ ಎರಡು ಸಲ ಬರಬಹುದು, ಹಾಗಾಗಿ ಡೇಟಾಬೇಸ್‌ನಲ್ಲಿ ಫೈಲ್ ಕೀಗೆ (ಎಸ್3ಯಲ್ಲಿ ಫೈಲ್‌ನ ಹೆಸರು) ಯೂನಿಕ್ ಇಂಡೆಕ್ಸ್ (ಒಂದೇ ಹೆಸರು ಎರಡು ಸಲ ಸೇರದಂತೆ ತಡೆ) ಇರಲಿ. ಥಂಬ್‌ನೇಲ್ ಬೇರೆ ಬಕೆಟ್‌ಗೇ ಬರೆಯಿರಿ. ಅದೇ ಜಾಗಕ್ಕೆ ಬರೆದರೆ ಲ್ಯಾಂಬ್ಡಾ ತನ್ನನ್ನು ತಾನೇ ಎಬ್ಬಿಸುತ್ತಾ ಬಿಲ್ ಏರಿಸಬಹುದು.