ಟಿಬಿ ವಾಸಿಯಾದ ಮೇಲೂ ಏದುಸಿರು: ಅನುಭವ ಇದ್ದವರು ತಿಳಿಸಿ

ದಾವಣಗೆರೆಯಿಂದ ಪ್ರಶ್ನೆ:
ನಮ್ಮ ಯಜಮಾನರಿಗೆ ಎಡ ಶ್ವಾಸಕೋಶದಲ್ಲಿ ಟಿಬಿ ಆಗಿತ್ತು. ಆರು ತಿಂಗಳ ಮಾತ್ರೆಯನ್ನು ತಪ್ಪದೆ ಮುಗಿಸಿದರು, ಕೊನೆಯ ಕಫ ಪರೀಕ್ಷೆಯಲ್ಲಿ ರೋಗಾಣು ಇರಲಿಲ್ಲ. ವರ್ಷ ಕಳೆದರೂ ಮೆಟ್ಟಿಲು ಹತ್ತಿದರೆ ಏದುಸಿರು, ಬೆಳಿಗ್ಗೆ ಬಾಯಿ ತುಂಬ ಕಫ. ಅಕ್ಕಿ ಗಿರಣಿಯಲ್ಲಿ ಕೆಲಸ. ಒಬ್ಬ ವೈದ್ಯರು ಎಕ್ಸ್‌ರೇ ನೋಡಿ ಮತ್ತೆ ಟಿಬಿ ಮಾತ್ರೆ ಶುರು ಮಾಡೋಣ ಎನ್ನುತ್ತಿದ್ದಾರೆ. ಏನು ಮಾಡಲಿ?

ಹಾಸನದಿಂದ:
ಅಕ್ಕ, ಎಕ್ಸ್‌ರೇ ಒಂದನ್ನೇ ನೋಡಿ ಮಾತ್ರೆ ಶುರು ಮಾಡಲು ದಯವಿಟ್ಟು ಒಪ್ಪಬೇಡಿ. ನನಗೂ ಟಿಬಿ ಆಗಿ ವಾಸಿಯಾಗಿದೆ. ನನ್ನ ಎಕ್ಸ್‌ರೇಯಲ್ಲಿ ಬಲಗಡೆಯ ಕಲೆ ಇಂದಿಗೂ ಇದೆ, ಮುಂದೆಯೂ ಇರುತ್ತದೆ. ಅದು ಮಾಗಿದ ಗಾಯದ ಗುರುತು. ರೋಗಾಣು ಬದುಕಿದೆಯೇ ಎಂಬುದನ್ನು ಕಫ ಹೇಳಬೇಕು. ಸರ್ಕಾರಿ ಆಸ್ಪತ್ರೆಯ ಕ್ಷಯ ವಿಭಾಗದಲ್ಲಿ ಕಫ ಕೊಡಿ, ಪರೀಕ್ಷೆ ಉಚಿತ. ಕಫದಲ್ಲಿ ರೋಗಾಣುವಿನ ಡಿಎನ್‌ಎ ಹುಡುಕುವ ಸಿಬಿನಾಟ್ ಪರೀಕ್ಷೆ ಸತ್ತ ರೋಗಾಣುವಿನ ಅಂಶವನ್ನೂ ಹಿಡಿಯಬಲ್ಲದು. ಹಾಗಾಗಿ ಹಿಂದೆ ಟಿಬಿ ಆದವರು, ಬದುಕಿರುವ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯನ್ನೂ ಕೇಳುವುದು ಒಳ್ಳೆಯದು. ಫಲಿತಾಂಶಕ್ಕೆ ಕೆಲವು ವಾರ ಹಿಡಿಯುತ್ತದೆ. ಚಿಕಿತ್ಸೆ ಮುಗಿದ ಮೇಲೆ 6, 12, 18, 24ನೇ ತಿಂಗಳಲ್ಲಿ ತಪಾಸಣೆ ಮಾಡಬೇಕೆಂಬುದು ರಾಷ್ಟ್ರೀಯ ಕ್ಷಯ ಕಾರ್ಯಕ್ರಮದಲ್ಲೇ ಇದೆ, ಕೇಳಿ ಪಡೆಯಿರಿ.

ರೋಗಾಣು ಇಲ್ಲವೆಂದು ಖಚಿತವಾದರೆ ಶ್ವಾಸಕೋಶ ತಜ್ಞರ ಬಳಿ ಊದುವ ಪರೀಕ್ಷೆ, ಅಂದರೆ ಸ್ಪೈರೋಮೆಟ್ರಿ ಮಾಡಿಸಿ. ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು, ಒಟ್ಟು ಎಷ್ಟು ಬಂತು ಎಂದು ಯಂತ್ರ ಅಳೆಯುತ್ತದೆ. ಮೊದಲನೆಯದು ಒಟ್ಟಿನ ಶೇ. 70ಕ್ಕಿಂತ ಕಡಿಮೆಯಿದ್ದರೆ ಶ್ವಾಸನಾಳಗಳಲ್ಲಿ ಗಾಳಿಗೆ ಅಡ್ಡಿಯಿದೆ ಎಂದರ್ಥ. ಒಟ್ಟು ಗಾಳಿಯೇ ಕಡಿಮೆಯಾಗಿದ್ದರೆ, ಗಾಯದ ಕಲೆ ಶ್ವಾಸಕೋಶವನ್ನು ಹಿಗ್ಗಲು ಬಿಡುತ್ತಿಲ್ಲ ಎಂದು ಸಂಶಯಿಸುತ್ತಾರೆ. ನನ್ನಲ್ಲಿ ಎರಡೂ ಇವೆ. ಇನ್‌ಹೇಲರ್‌ನಿಂದ ನನಗೆ ಸ್ವಲ್ಪ ಅನುಕೂಲವಾಯಿತು, ಎಲ್ಲರಿಗೂ ಆಗುವುದಿಲ್ಲ. ಅದರಲ್ಲಿ ಸ್ಟೀರಾಯ್ಡ್ ಇದೆಯೇ, ಹಿಂದೆ ಟಿಬಿ ಆದವರಿಗೆ ಅದು ಬೇಕೇ ಎಂದು ವೈದ್ಯರನ್ನು ಕೇಳಿ.

ಮಂಗಳೂರಿನಿಂದ, ಫಿಸಿಯೋಥೆರಪಿಸ್ಟ್:
ಬೆಳಗಿನ ಕಫದ ಬಗ್ಗೆ ಹೇಳುತ್ತೇನೆ. ಟಿಬಿ ಆದ ಜಾಗದಲ್ಲಿ ಕೆಲವರಿಗೆ ಶ್ವಾಸನಾಳಗಳು ಹಿಗ್ಗಿ ಹಾಗೆಯೇ ಉಳಿದುಬಿಡುತ್ತವೆ. ಅಲ್ಲಿ ಕಫ ನಿಂತು ಪದೇ ಪದೇ ಸೋಂಕಾಗುತ್ತದೆ. ಸುಮ್ಮನೆ ಕೆಮ್ಮಿ ಕೆಮ್ಮಿ ಸುಸ್ತಾಗುವ ಬದಲು ಹೀಗೆ ಮಾಡಿಸಿ: ನಿಧಾನವಾಗಿ ಆಳವಾದ ಕೆಲವು ಉಸಿರು, ಆಮೇಲೆ ಬಾಯಿ ತೆರೆದು, ಕನ್ನಡಿಗೆ ಹಬೆ ಹಿಡಿಸುವಂತೆ ‘ಹಾ’ ಎಂದು ಗಾಳಿ ತಳ್ಳುವುದು, ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಅದೇ. ಕಫ ಗಂಟಲಿಗೆ ಬಂದಾಗ ಮಾತ್ರ ಕೆಮ್ಮಿ ಉಗುಳಲಿ. ಯಾವ ಮಗ್ಗುಲಲ್ಲಿ ಮಲಗಿದರೆ ಕಫ ಸುಲಭವಾಗಿ ಇಳಿಯುತ್ತದೆ ಎಂಬುದು ಸಿ.ಟಿ. ಸ್ಕ್ಯಾನ್ ನೋಡಿ ಹೇಳಬೇಕಾದ ವಿಷಯ. ಕಫದಲ್ಲಿ ರಕ್ತ ಕಂಡ ದಿನ ಇದಾವುದೂ ಬೇಡ.

‘ಪಾಪ, ದಮ್ಮು ಬರುತ್ತದೆ’ ಎಂದು ಮನೆಯವರು ಕೂರಿಸಿಬಿಡುತ್ತಾರೆ. ಅದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕಾಲಿನ ಸ್ನಾಯುಗಳು ಸೊರಗಿದರೆ ಅಷ್ಟೇ ಕೆಲಸಕ್ಕೆ ಇನ್ನೂ ಹೆಚ್ಚು ಏದುಸಿರು ಬರುತ್ತದೆ. ನಡೆಯಲಿ, ನಿಲ್ಲಲಿ, ತುಟಿ ಚೂಪು ಮಾಡಿ ನಿಧಾನವಾಗಿ ಉಸಿರು ಬಿಡಲಿ, ಮತ್ತೆ ನಡೆಯಲಿ. ವಾರದಿಂದ ವಾರಕ್ಕೆ ದೂರ ಹೆಚ್ಚಿಸಿ. ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಕಲಬುರಗಿಯಿಂದ:
ನಮ್ಮ ತಂದೆಗೆ ಟಿಬಿ ಗುಣವಾಗಿ ಎಷ್ಟೋ ವರ್ಷಗಳ ಮೇಲೆ ಕೆಮ್ಮಿನಲ್ಲಿ ರಕ್ತ ಬಂತು. ಎಲ್ಲರೂ ಟಿಬಿಯೇ ಎಂದರು. ಕಫದಲ್ಲಿ ರೋಗಾಣು ಇರಲಿಲ್ಲ. ಸಿ.ಟಿ.ಯಲ್ಲಿ, ಟಿಬಿಯಿಂದ ಶ್ವಾಸಕೋಶದಲ್ಲಿ ಉಳಿದಿದ್ದ ಹಳೆಯ ಪೊಳ್ಳಿನೊಳಗೆ ಶಿಲೀಂಧ್ರದ ಉಂಡೆ ಕಂಡಿತು. ರಕ್ತ ಹೆಚ್ಚಾದಾಗ ತೊಡೆಯ ರಕ್ತನಾಳದ ಮೂಲಕ ಕೊಳವೆ ಹಾಕಿ, ಒಸರುತ್ತಿದ್ದ ನಾಳವನ್ನು ಮುಚ್ಚಿದರು. ಅಕ್ಕ, ಸ್ವಲ್ಪ ರಕ್ತ ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಹೆಚ್ಚು ಬಂದರೆ 108ಕ್ಕೆ ಕರೆ ಮಾಡಿ, ಅವರನ್ನು ಎಡ ಮಗ್ಗುಲಿಗೆ ಮಲಗಿಸಿ. ಹಾಳಾದ ಬದಿ ಕೆಳಗಿದ್ದರೆ ಒಳ್ಳೆಯ ಶ್ವಾಸಕೋಶಕ್ಕೆ ರಕ್ತ ಹರಿಯುವುದು ಕಡಿಮೆ.

ಗಂಗಾವತಿಯಿಂದ, ಗಿರಣಿ ಕೆಲಸಗಾರ:
ಅಣ್ಣನಿಗೆ ತೌಡಿನ ಧೂಳು ಏಳುವ ಕಡೆ ಕೆಲಸ ಬೇಡ. ಮಾಲೀಕರಿಗೆ ವೈದ್ಯರ ಚೀಟಿ ತೋರಿಸಿ ತೂಕದ ಕಡೆಗೋ ಲೆಕ್ಕದ ಕಡೆಗೋ ಹಾಕಿಸಿಕೊಳ್ಳಲಿ, ನಾನು ಹಾಗೆಯೇ ಮಾಡಿಸಿಕೊಂಡೆ. ಬಾಯಿಗೆ ಕಟ್ಟುವ ಟವೆಲು ನುಣ್ಣನೆಯ ಧೂಳನ್ನು ತಡೆಯುವುದಿಲ್ಲ. ಬೀಡಿ ಸೇದುತ್ತಿದ್ದರೆ ಇಂದೇ ಬಿಡಿಸಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಯ ಬಗ್ಗೆಯೂ ತಜ್ಞರನ್ನು ಕೇಳಿ.