ಬಿಯರ್ ಮೇಲೆ ಭಂಗಿ: ಅಣ್ಣನಿಗೆ ಏನೂ ಆಗಲಿಲ್ಲ, ಅವನ ಹೆಂಡತಿ, ನಮ್ಮ ವೈನಿಗೆ ಯಾಕೆ ಅಷ್ಟಾಯಿತು?

ನವನಗರದವಳು:
ನಮ್ಮ ಬಾಗಲಕೋಟೆ ಹೋಳಿ ಗೊತ್ತಲ್ವಾ, ಹಲಗೆ, ಬಣ್ಣದ ಬಂಡಿ, ದಿನಗಟ್ಟಲೆ ಗದ್ದಲ. ಈ ಸಲ ಅಣ್ಣ, ವೈನಿ ಇಬ್ಬರೂ ಗೆಳೆಯರ ಮನೆಯಲ್ಲಿ ಬಿಯರ್ ಕುಡಿದು, ಅದರ ಮೇಲೆ ಭಂಗಿ ಹಾಕಿದ ಥಂಡಾಯಿ ಕುಡಿದಿದ್ದಾರೆ. ಇಬ್ಬರದೂ ಒಂದೇ ಅಳತೆ. ಅಣ್ಣ ನಗುನಗುತ್ತಾ ಊಟ ಮಾಡಿ, ಬೈಕ್ ಓಡಿಸಿಕೊಂಡು ಬಂದು ಮಲಗಿದ. ವೈನಿಗೆ ಮಾತ್ರ ಎದೆ ಢವಢವ, ಬೆವರು, ಎದ್ದು ನಿಂತರೆ ತಲೆ ಸುತ್ತು, ರಾತ್ರಿಯಿಡೀ ನನ್ನ ಕೈ ಬಿಡಲಿಲ್ಲ. ಈಗ ಅಣ್ಣ "ಹೆಂಗಸರಿಗೆ ತಡ್ಕೊಳ್ಳೋ ಶಕ್ತಿ ಇಲ್ಲ" ಅಂತ ಎಲ್ಲರ ಮುಂದೆ ಚೇಷ್ಟೆ ಮಾಡುತ್ತಾನೆ. ನಿಜವಾಗಲೂ ವ್ಯತ್ಯಾಸ ಇದೆಯಾ? ಬುದ್ಧಿ ಹೇಳಲು ಮಾತ್ರ ಬರಬೇಡಿ, ಆ ಕೆಲಸ ಅವ್ವ ಮಾಡಿ ಮುಗಿಸಿದ್ದಾಳೆ.

ವಿಜಯಪುರದ_ನರ್ಸಕ್ಕ:
ಇದೆ ತಂಗಿ, ಆದರೆ ಶಕ್ತಿಯ ಮಾತಲ್ಲ. ಹೆಂಗಸರ ಮೈಯಲ್ಲಿ ನೀರಿನ ಪಾಲು ಕಡಿಮೆ. ಮದ್ಯ ಕರಗುವುದು ನೀರಿನಲ್ಲಿ, ಹಾಗಾಗಿ ತೂಕ ಒಂದೇ ಇದ್ದರೂ, ಅದೇ ಬಿಯರ್‌ಗೆ ಅವರ ರಕ್ತದಲ್ಲಿ ಮದ್ಯದ ಮಟ್ಟ ಜಾಸ್ತಿ ಏರುತ್ತದೆ. ಹೊಟ್ಟೆಯಲ್ಲೇ ಸ್ವಲ್ಪ ಮದ್ಯವನ್ನು ಒಡೆಯುವ ಕಿಣ್ವವೂ ಸಾಮಾನ್ಯವಾಗಿ ಅವರಿಗೆ ಕಡಿಮೆ. ಇನ್ನು ಭಂಗಿಯೂ ಗಾಂಜಾ ಗಿಡದ್ದೇ, ಕುಡಿದ ಮೇಲೆ ಗಾಂಜಾ ಸೇದಿದರೆ ಅದರ ಅಮಲಿನ ಅಂಶ, ಅಂದರೆ ಟಿಎಚ್‌ಸಿ, ರಕ್ತದಲ್ಲಿ ಇನ್ನೂ ಹೆಚ್ಚಾಗುತ್ತದೆ ಅಂತ ಅಳೆದು ನೋಡಿದ್ದಾರೆ. ಭಂಗಿ ಕುಡಿದಾಗ ಇನ್ನೊಂದು ತೊಂದರೆ: ಅದು ಏರಲು ಅರ್ಧ ಗಂಟೆಯಿಂದ 2 ಗಂಟೆ ಬೇಕು. "ಏನೂ ಆಗಲಿಲ್ಲ" ಅಂತ ಇನ್ನೊಂದು ಲೋಟ ಎತ್ತುವುದು ಆಗಲೇ. ಖಾಲಿ ಹೊಟ್ಟೆ, ತೂಕ, ರೂಢಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ, ಬರೀ ಗಂಡು ಹೆಣ್ಣು ಅಂತಲ್ಲ. ಮತ್ತೆ ನಿಮ್ಮ ಅಣ್ಣನಿಗೆ ಏನೂ ಆಗಲಿಲ್ಲ ಅನ್ನಬೇಡಿ. ಎರಡೂ ಸೇರಿದಾಗ ಗಾಡಿ ಓಡಿಸುವುದು ಒಂದೊಂದೇ ತಗೊಂಡಾಗಿನದಕ್ಕಿಂತ ಕೆಟ್ಟದ್ದು, ಓಡಿಸುವವನಿಗೆ ಮಾತ್ರ ಅದು ಗೊತ್ತಾಗುವುದಿಲ್ಲ.

ಗೋವಾವೇಸ್_ಗೆಳೆಯ:
ಹೆಂಗಸರ ಚಿಂತೆ ಯಾಕೆ ರೀ, ಎಣ್ಣೆಯೂ ಸೊಪ್ಪೂ ಗಂಡಸರದೇ ರಾಜ್ಯ. ಏಮ್ಸ್ ತಂಡ ಕೇಂದ್ರ ಸರಕಾರಕ್ಕೆ 2019ರಲ್ಲಿ ಕೊಟ್ಟ ವರದಿ ನೋಡಿ. ಕುಡಿಯುವವರು ಗಂಡಸರಲ್ಲಿ ನೂರಕ್ಕೆ 27.3, ಹೆಂಗಸರಲ್ಲಿ 1.6. ನಮ್ಮ ಬೆಳಗಾವಿಯಲ್ಲಂತೂ ಚೋರ್ಲಾ ಘಾಟ್ ಇಳಿದರೆ ಗೋವಾ, ಶನಿವಾರ ಬಂತು ಅಂದರೆ ಕಾರು ತುಂಬಾ ಹುಡುಗರು. ಒಬ್ಬ ಕುಡಿದ ಅಂತ ಇನ್ನೊಬ್ಬ, ಒಬ್ಬ ದಮ್ ಎಳೆದ ಅಂತ ಮತ್ತೊಬ್ಬ.

ಟಿಳಕವಾಡಿ_ಹುಡುಗಿ:
ಅಣ್ಣಾ, ಆ 1.6 ಅಂದರೆ ಮನೆ ಬಾಗಿಲಿಗೆ ಬಂದು ಕೇಳಿದವರಿಗೆ "ಹೌದು" ಅಂದವರು. ಅತ್ತೆ ಪಕ್ಕದಲ್ಲೇ ಕೂತಿದ್ದರೆ ಯಾವ ಸೊಸೆ ಹೌದು ಅಂತಾಳೆ? ಗಂಡಸರು ಜಾಸ್ತಿ ಅನ್ನುವುದು ನಿಜ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹುಡುಗರು ಬಹಳ ಮಟ್ಟಿಗೆ ಮಜಾಕ್ಕೆ, ಗುಂಪಿಗೆ ಅಂತ ಶುರು ಮಾಡಿದರೆ, ಹೆಂಗಸರಲ್ಲಿ ನಿದ್ದೆ ಬರಲ್ಲ, ಚಿಂತೆ, ಬೇಜಾರು ಅಂತ ಶುರು ಮಾಡುವವರು ಹೆಚ್ಚು. ಶುರುವಿನಿಂದ ಚಟಕ್ಕೆ ಬೀಳುವ ದಾರಿಯೂ ಅವರಿಗೆ ಚಿಕ್ಕದು ಅಂತ ಎಷ್ಟೋ ಅಧ್ಯಯನಗಳಲ್ಲಿ ಬಂದಿದೆ. ಕುಡಿದು ಬಿದ್ದ ಗಂಡಸನ್ನು ನಾಲ್ಕು ಜನ ಎತ್ತಿ ಆಟೋಗೆ ಹಾಕುತ್ತಾರೆ. ಹೆಂಗಸಾದರೆ ಬಾಗಿಲು ಹಾಕಿ ಒಳಗೆ ಮಲಗಿಸುತ್ತಾರೆ, ಡಾಕ್ಟರ್ ಹತ್ತಿರ ಬರುವಷ್ಟರಲ್ಲಿ ತಡ ಆಗಿರುತ್ತದೆ.

ನವನಗರದವಳು:
ನಮ್ಮಲ್ಲೂ ಬಾಗಿಲು ಹಾಕಿದ್ದೇ ಆಯಿತು. ಡಾಕ್ಟರ್ ಹತ್ತಿರ ನಿಜ ಹೇಳಿದರೆ ಪೊಲೀಸ್ ಕೇಸ್ ಆಗುತ್ತಾ?

ವಿಜಯಪುರದ_ನರ್ಸಕ್ಕ:
ನಾನು ನೋಡಿದ ಮಟ್ಟಿಗೆ ಡಾಕ್ಟರ್ ಕೇಳುವುದು ಚಿಕಿತ್ಸೆಗೆ, ಕೇಸಿಗಲ್ಲ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಅಂದರೆ ಹೂವಿನ ತುದಿ, ಭಂಗಿಗೆ ಹಾಕುವ ಬರೀ ಎಲೆ ಅದರಲ್ಲಿ ಬರುವುದಿಲ್ಲ. ಗಾಂಜಾ ಸೇದುವುದು ಅಪರಾಧವೇ, ಆದರೆ ಚಟ ಬಿಡಲು ತಾವಾಗಿ ಚಿಕಿತ್ಸೆಗೆ ಬಂದವರಿಗೆ ಅದೇ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ಮನೆಯಲ್ಲಿ ಮಾತಾಡಲು ಮುಜುಗರ ಆದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಮುಂದೆ ಯಾರಾದರೂ ಎಬ್ಬಿಸಿದರೂ ಏಳದೆ ಹೋದರೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ, ಮಜ್ಜಿಗೆ, ಲಿಂಬೆಹಣ್ಣಿನ ಪಾನಕ ಅಂತ ಬಾಯಿಗೆ ಸುರಿಯಬೇಡಿ. ಅಂದಹಾಗೆ, ವೈನಿ ನಿದ್ದೆ ಮಾತ್ರೆ ಏನಾದರೂ ತಗೊಳ್ಳುತ್ತಾರಾ? ತಿಂಗಳು ಏನಾದರೂ ತಪ್ಪಿದೆಯಾ? ಅಣ್ಣ ಇಲ್ಲದಾಗ ಕೇಳಿ.