ಬೇಸ್‌ಬಾಲ್‌ನಾಗ ಯುಟಿಲಿಟಿ ಆಟಗಾರ (ಹಲವು ಜಾಗದಾಗ ಆಡಾಂವ) ಅಂದ್ರ ಬೆಂಚ್ ಕಾಯಾಂವ ಏನು? ಬೆನ್ ಜೋಬ್ರಿಸ್ಟ್ ದಾರಿ ಬಗ್ಗೆ

ಎರಡನೇ ಬೇಸ್, ಹುಬ್ಬಳ್ಳಿ:
ಕಾಲೇಜು ಟೀಮಿನಾಗ ನನ್ನ ಜಾಗ ಎರಡನೇ ಬೇಸ್. ಈ ಸಲ ಮೂರನೇ ಬೇಸ್ ಮತ್ತ ಲೆಫ್ಟ್ ಫೀಲ್ಡ್ ಎರಡೂ ಕಲಿ ಅಂತ ಕೋಚ್ ಸರ್ ಹೇಳ್ಯಾರ. "ಯುಟಿಲಿಟಿ ಅಂದ್ರ ಯಾವ ಜಾಗಕ್ಕೂ ಸಾಲದಾಂವ" ಅಂತಾರ ಟೀಮಿನವರು. ಹಂಗಾದ್ರ ಅಮೆರಿಕಾದ ಮೇಜರ್ ಲೀಗ್ ಆಟಗಾರ ಬೆನ್ ಜೋಬ್ರಿಸ್ಟ್ ಅಷ್ಟು ದೊಡ್ಡಾಂವ ಹೆಂಗ ಆದ? ಇನ್ನೊಂದು, ಮೂರೂ ಜಾಗಕ್ಕ ಒಂದೇ ಗ್ಲೌಸ್ ನಡಿತೈತೇನ್ರಿ? ಲೆಫ್ಟ್‌ನಿಂದ ಹೋಮ್‌ಗೆ (ಬ್ಯಾಟರ್ ನಿಲ್ಲೋ ಜಾಗಕ್ಕ) ಒಗೆದ ಥ್ರೋ ನೆಟ್ಟಗ ಹೋಗವಲ್ದು, ಅದಕ್ಕೂ ಏನರ ಉಪಾಯ ಹೇಳ್ರಿ.

ಧಾರವಾಡ ಡಗೌಟ್:
ನಿಮ್ಮ ಟೀಮಿನವರ ಮಾತು ಅರ್ಧ ಖರೇ ಅದ. ಭಾಳ ಮಂದಿ ಯುಟಿಲಿಟಿ ಆಟಗಾರರು ಕೈ ಚಲೋ ಇದ್ದು ಬ್ಯಾಟ್ ಸಾಲದ ಬೆಂಚಿಗೆ ಬಂದವರು. ಜೋಬ್ರಿಸ್ಟ್ ಲೆಕ್ಕ ಉಲ್ಟಾ. ಮೊದಲು ಅವನ ಬ್ಯಾಟು ಲೈನಪ್ಪಿನಾಗ ಬೇಕು ಅಂತಾತು, ಆಮ್ಯಾಲೆ ಇವತ್ತು ಇವನ್ನ ಎಲ್ಲಿ ನಿಲ್ಲಸೋದು ಅಂತ ಜಾಗ ಹುಡುಕಿದ್ರು.

ಅಂವ ಮೂಲತಃ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವ ನಿಲ್ಲಾಂವ). 2004ರ ಡ್ರಾಫ್ಟಿನಾಗ (ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನ ಆರಿಸೋದು) ಹ್ಯೂಸ್ಟನ್ ಆಸ್ಟ್ರೋಸ್ ಆರನೇ ಸುತ್ತಿಗೆ ತಗೊಂಡು, 2006ರ ಜುಲೈನಾಗ ಟ್ಯಾಂಪಾ ಬೇ ತಂಡಕ್ಕ ಕೊಟ್ಟುಬಿಟ್ರು. ಅಲ್ಲಿ ಮೊದಲ ಎರಡು ವರ್ಷ ಪೂರಾ ನೆಲಕಚ್ಚಿದ: 2006ರ ಬ್ಯಾಟಿಂಗ್ ಸರಾಸರಿ (ಹಿಟ್ ಬಿದ್ದ ಸರದಿಗಳ ಪಾಲು) .224, 2007ರಾಗ .155. ಅಷ್ಟಕ್ಕೇ ಮುಗೀಬೇಕಿತ್ತು. ಸ್ವಿಂಗ್ ತಿದ್ದಿಕೊಂಡು 2008ರಾಗ ಬಂದು 62 ಪಂದ್ಯದಾಗ 12 ಹೋಮ್ ರನ್ ಹೊಡದ. 2009ರಾಗ ಎರಡನೇ ಬೇಸ್‌ನ ಅಕಿನೊರಿ ಇವಾಮುರಾಗ ಮೊಣಕಾಲಿಗೆ ಪೆಟ್ಟಾದ ಮ್ಯಾಲೆ ಜೋಬ್ರಿಸ್ಟ್ ಹೆಚ್ಚಾಗಿ ಅಲ್ಲೇ ನಿಂತ, ಅದು ಬಿಟ್ಟರ ರೈಟ್ ಫೀಲ್ಡ್. ಪಿಚರ್, ಕ್ಯಾಚರ್ ಬಿಟ್ಟು ಉಳಿದ ಏಳೂ ಜಾಗದಾಗ ಆ ವರ್ಷ ಆಡ್ಯಾನ. ಸರಾಸರಿ .297, ಹೋಮ್ ರನ್ 27, ಆನ್-ಬೇಸ್ (ಔಟ್ ಆಗದ ಬೇಸ್ ಮುಟ್ಟಿದ ಪಾಲು) .405, ಮ್ಯಾಲೆ ಆಲ್-ಸ್ಟಾರ್. ಹಿಂಗ ಹೊಡಿಯಾಂವನ್ನ ಬೆಂಚಿನ ಮ್ಯಾಲೆ ಯಾರು ಕೂಡಸ್ತಾರ್ರಿ?

ಖರೇ ಬೆಲೆ ಗೊತ್ತಾಗೋದು 2016ರ ಶಿಕಾಗೊ ಕಬ್ಸ್ ತಂಡದಾಗ. ನಾಲ್ಕು ವರ್ಷಕ್ಕ 5.6 ಕೋಟಿ ಡಾಲರ್ ಕೊಟ್ಟು ಅವನ್ನ ತಗೊಂಡಿದ್ದು ಎರಡನೇ ಬೇಸ್‌ಗೆ. ಏಪ್ರಿಲ್‌ನಾಗ ಕೈಲ್ ಶ್ವಾರ್ಬರ್ ಗಾಯ ಮಾಡ್ಕೊಂಡು ಲೆಫ್ಟ್ ಫೀಲ್ಡ್ ಖಾಲಿ ಆತು. ಈ ಕಡೆ ಹಾವಿಯೆರ್ ಬಾಯೆಸ್ ಕೈ ಎರಡನೇ ಬೇಸ್‌ನಾಗ ಜೋಬ್ರಿಸ್ಟ್‌ಗಿಂತ ಚುರುಕು. ಮ್ಯಾನೇಜರ್ ಜೋ ಮ್ಯಾಡನ್ ಟ್ಯಾಂಪಾ ದಿನದಿಂದ ಇವನ್ನ ನೋಡಿದಾಂವ. ವರ್ಲ್ಡ್ ಸೀರೀಸ್‌ನಾಗ (ವರ್ಷದ ಕಡೇ ಪ್ರಶಸ್ತಿ ಸರಣಿ) ಇವನ್ನ ಲೆಫ್ಟ್‌ಗೆ ಕಳಿಸಿ, ಬಾಯೆಸ್‌ನ ಎರಡನೇ ಬೇಸ್‌ಗೆ ಹಾಕಿದ. ಒಬ್ಬಾಂವ ಸರದರ ಎರಡು ಜಾಗ ಸುಧಾರಿಸ್ತಾವ, ಇದು ಅವನ ಸ್ವಂತ ಅಂಕಿಸಂಖ್ಯೆಯೊಳಗ ಕಾಣಂಗಿಲ್ಲ. ಏಳನೇ ಪಂದ್ಯ, ಹತ್ತನೇ ಇನಿಂಗ್ಸ್, ಮಳಿ ನಿಂತ ಮ್ಯಾಲೆ ಎದುರಾಳಿ ಪಿಚರ್ ಬ್ರಯಾನ್ ಶಾಗೆ ಲೆಫ್ಟ್ ಗೆರಿ ಗುಂಟ ಹೊಡೆದ ಡಬಲ್ (ಎರಡನೇ ಬೇಸ್ ತನಕದ ಹೊಡೆತ) ಮಾತ್ರ ಎಲ್ಲರಿಗೂ ನೆನಪದ. 1908ರ ನಂತರ ಕಬ್ಸ್ ಮೊದಲ ಸಲ ಗೆದ್ದರು, ಸೀರೀಸ್‌ನ ಎಂವಿಪಿ (ಶ್ರೇಷ್ಠ ಆಟಗಾರ) ಇವನ.

ಬೆಂಚಿನ ಲೆಕ್ಕಾನೂ ನೋಡ್ರಿ. ಮೇಜರ್ ಲೀಗ್ ತಂಡದಾಗ 26 ಮಂದಿ, ಅದರಾಗ ಪಿಚರ್‌ಗಳು 13ರ ತನಕ. ಉಳಿದ 13ರಾಗ ಡಿಎಚ್ (ಪಿಚರ್ ಬದಲಿಗೆ ಬರೇ ಬ್ಯಾಟ್ ಹಿಡಿಯಾಂವ) ಹಿಡಿದು 9 ಮಂದಿ ಆಡ್ತಾರ. ಬೆಂಚಿಗೆ ನಾಲ್ಕ, ಅದರಾಗ ಒಬ್ಬಾಂವ ಎರಡನೇ ಕ್ಯಾಚರ್. ಇನ್ನ ಮೂರು ಮಂದಿ ಏಳು ಜಾಗಕ್ಕ ಆಗಬೇಕು. ಒಂದೇ ಜಾಗ ಗೊತ್ತಿದ್ದಾಂವ ಅಲ್ಲಿ ತುಟ್ಟಿ ಬೀಳ್ತಾನ.

ಗದಗ ಗ್ಲೌಸ್:
ಗ್ಲೌಸ್ ಮಾತು. ಎರಡನೇ ಬೇಸ್‌ಗೆ 11.25 ಇಲ್ಲಾ 11.5 ಇಂಚು. ಬಾಲ್ ಕೂಡೋ ಗುಂಡಿ ಆಳ ಇರಬಾರದು, ಡಬಲ್ ಪ್ಲೇದಾಗ (ಒಂದೇ ಹೊಡೆತಕ್ಕ ಇಬ್ಬರನ್ನ ಔಟ್ ಮಾಡೋದು) ಬಾಲ್ ಕೈಗೆ ಲಗೂನ ಸಿಗಬೇಕು. ಔಟ್‌ಫೀಲ್ಡಿಗೆ 12.5–12.75, ಆಳ ಜಾಸ್ತಿ. ಮೂರನೇ ಬೇಸ್‌ಗೆ 11.75 ಬಳಸ್ತಾರ. ಎರಡೇ ಕೊಳ್ಳೂದಾದ್ರ 11.5 ಮತ್ತ 12.5 ತಗೋರಿ, ಮೂರನೇ ಬೇಸ್‌ಗೆ 11.5ನ್ಯಾಗ ನಡಿತೈತಿ. 12.5ದ್ದನ್ನ ಎರಡನೇ ಬೇಸ್‌ಗೆ ಒಯ್ಯಬ್ಯಾಡ್ರಿ, ಒಳಗ ಬಾಲ್ ಹುಡುಕೂದರಾಗ ರನ್ನರ್ ಮೊದಲ ಬೇಸ್ ಮುಟ್ಟಿರ್ತಾನ. ಮೊದಲ ಬೇಸ್‌ನ ಮಿಟ್ ಅಲ್ಲಿಗೆ ಮಾತ್ರ. ಬ್ಯಾರೆ ಜಾಗದಾಗ ಹಾಕ್ಕೊಂಡ್ರ ನಿಯಮ ಒಪ್ಪಂಗಿಲ್ಲ.

ಥ್ರೋ ಯಾಕ ಸೊಟ್ಟ ಹೊಂಟೈತಿ ಅಂದ್ರ, ಎರಡನೇ ಬೇಸ್‌ನವರು ಕೈ ಪಕ್ಕದಿಂದ ಬೀಸಿ ಒಗೀತಾರ. ಸಣ್ಣ ದೂರಕ್ಕ ಅದು ಚಲೋನ. ಲೆಫ್ಟ್‌ನಿಂದ ಹಂಗ ಒಗೆದ್ರ ಬಲಗೈಯವನ ಬಾಲ್ ಅವನ ಬಲಕ್ಕ ಬಾಗತೈತಿ, ಅಂದ್ರ ಹೋಮ್ ಬಿಟ್ಟು ಮೂರನೇ ಬೇಸ್ ಕಡೆ ಫೌಲ್ ನೆಲಕ್ಕ. ಎರಡು ಬೆರಳು ಹೊಲಿಗಿಗೆ ಅಡ್ಡ ಇಟ್ಟು, ಕೈ ತಲಿ ಮ್ಯಾಲಿಂದ ತಂದು ಒಗೀರಿ. ಒಗಿಯೂಕಿಂತ ಮೊದಲ ಬಲಗಾಲಿನ ಮ್ಯಾಲೆ ಒಂದು ಸಣ್ಣ ಕುಪ್ಪಳಿ. ಗುರಿ ಹೋಮ್ ಅಲ್ಲ, ನಡುವ ನಿಂತು ಥ್ರೋ ಹಿಡಿಯೋ ಕಟ್‌ಆಫ್ ಆಟಗಾರನ ಎದಿ. ಬಾಲ್ ಅವನ ತಲಿ ಮ್ಯಾಲೆ ಹೋತಂದ್ರ ಬ್ಯಾಟ್ಸ್‌ಮನ್ ಪುಕ್ಕಟ ಎರಡನೇ ಬೇಸ್‌ಗೆ ಹೋಗ್ತಾನ.

ಲೆಫ್ಟ್‌ನಾಗ ಇನ್ನೊಂದು: ಬಲಗೈ ಬ್ಯಾಟರ್ ಎಳೆದು ಹೊಡೀಲಿ, ಎಡಗೈಯಾಂವ ತಡಮಾಡಿ ಹೊಡೀಲಿ, ಗೆರಿ ಹತ್ರ ಬರೂ ಬಾಲ್ ಗೆರಿ ಕಡೆನ ಬಾಗತೈತಿ. ಮೊದಲ ಹೆಜ್ಜಿ ಹಿಂದಕ್ಕ ಮತ್ತ ಗೆರಿ ಕಡೆ. ಇನ್‌ಫೀಲ್ಡಿನಾಂವಗ ಮುಂದ ಓಡೂ ಚಟ ಇರತೈತಿ, ಅದ ಅವನ್ನ ಕೆಡಸೂದು.

ನಮ್ಮ ಕಡೆ ಎರಿ ನೆಲದ ಮೈದಾನದಾಗ ಮೂರನೇ ಬೇಸ್ ಬ್ಯಾರೆ ಆಟನ. ಬ್ಯಾಸಿಗ್ಯಾಗ ನೆಲ ಬಿರಿತು ಅಂದ್ರ ಬಾಲ್ ಯಾಕಡೆ ಪುಟಿತೈತಿ ದೇವರಿಗೇ ಗೊತ್ತು. ಇನ್‌ಫೀಲ್ಡಿಗೆ ಗರಸು ಹಾಕಿ ನೀರು ಹೊಡೆದು ರೋಲರ್ ಎಳೀರಿ. ಆಗದಿದ್ರ ಒಂದೆರಡು ಹೆಜ್ಜಿ ಹಿಂದ ನಿಲ್ರಿ, ಗ್ಲೌಸ್‌ನ ಬೆರಳು ಮಣ್ಣಿಗೆ ಹತ್ತಿಸಿ ಇಟ್ಟು ಕೆಳಗಿಂದ ಮ್ಯಾಲೆ ಬರ್ರಿ. ಮ್ಯಾಲಿಂದ ಕೆಳಗ ಬಂದ ಗ್ಲೌಸ್‌ನ ಅಡಿ ಬಾಲ್ ನುಸುಳತೈತಿ. ಮಳಿ ಆದಮ್ಯಾಲೆ ಸ್ಪೈಕಿನಾಗ ಎರಿ ಮೆತ್ತಿ ಬೂಟು ಹಲಿಗಿ ಆಗತೈತಿ, ಕೆರ್ಯಾಕ ಒಂದು ಕಡ್ಡಿ ಕಿಸೇದಾಗ ಇರಲಿ.

ಎರಡನೇ ಬೇಸ್, ಹುಬ್ಬಳ್ಳಿ:
ಭಾಳ ಉಪಕಾರ ಆತ್ರಿ. ಜೋಬ್ರಿಸ್ಟ್ ಎರಡೂ ಕೈಲೆ ಆಡ್ತಿದ್ದ ಅಲ್ರಿ, ನಾನೂ ಎಡಗೈ ಬ್ಯಾಟಿಂಗ್ ಶುರು ಮಾಡ್ಲೇನು? ಮತ್ತ ಮೂರನೇ ಬೇಸ್‌ನಿಂದ ಒಗೆದು ಒಗೆದು ಭುಜ ನೋಯಾಕತ್ತೈತಿ.

ಧಾರವಾಡ ಡಗೌಟ್:
ಎಡಗೈ ಸದ್ಯ ಬ್ಯಾಡ. ಮೂರು ಜಾಗ ಕಲಿಯೋ ವರ್ಷ ಸ್ವಿಂಗ್ ಎರಡು ಮಾಡ್ಕೊಂಡ್ರ ಎರಡೂ ಕೆಡತಾವ. ಅವನಿಂದ ತಗೊಳ್ಳೋದಿದ್ರ ಕಣ್ಣು ತಗೋರಿ: ವೃತ್ತಿ ಪೂರ್ತಿ ಸರಾಸರಿ .266, ಆನ್-ಬೇಸ್ .357. ನಡುವಿನ 91 ಪಾಯಿಂಟ್ ಹೆಚ್ಚೂಕಡಿಮಿ ಬಿಟ್ಟ ಬಾಲಿನ ಗಳಿಕಿ (ಸ್ಟ್ರೈಕ್ ಅಲ್ಲದ ನಾಲ್ಕು ಬಾಲ್ ಬಿಟ್ಟರ ಪುಕ್ಕಟ ಮೊದಲ ಬೇಸ್). ಸ್ಟ್ರೈಕ್ ಅಲ್ಲದ್ದಕ್ಕ ಬ್ಯಾಟ್ ಹಾಕಬ್ಯಾಡ್ರಿ, ಅಷ್ಟ.

ಭುಜದ ಸುದ್ದಿ: ಮೂರನೇ ಬೇಸ್‌ನಿಂದ ಮೊದಲ ಬೇಸ್‌ಗೆ ಸುಮಾರು 38.8 ಮೀಟರ್. ಎರಡನೇ ಬೇಸ್‌ನಾಗ ಅಷ್ಟು ದೂರ ಒಗೆದಿರಂಗಿಲ್ಲ. ನೋವು ಇಳಿಯೋ ತನಕ ಥ್ರೋ ನಿಲ್ಲಸ್ರಿ, ಇಳೀದಿದ್ರ ಡಾಕ್ಟರ್‌ಗೆ ತೋರಸ್ರಿ. ಆಮ್ಯಾಲೆ 15 ಮೀಟರಿನಿಂದ ಶುರು ಮಾಡಿ, ವಾರಕ್ಕ 5 ಮೀಟರಿನಂಗ 40ರ ತನಕ ಏರಸ್ರಿ, ದಿನ ಬಿಟ್ಟು ದಿನ. ಥ್ರೋ ಇಲ್ಲದ ದಿನ ಬರೇ ಡಬಲ್ ಪ್ಲೇದ ಕಾಲಿನ ಕೆಲಸ: ಎಡಗಾಲು ಎರಡನೇ ಬೇಸ್ ಮ್ಯಾಲೆ, ಬಾಲ್ ಗ್ಲೌಸಿಗೆ ಬಂತು, ಬಲಗಾಲು ಹಿಂದ, ರನ್ನರ್ ಜಾರಿ ಬರೋ ಗೆರಿ ಬಿಟ್ಟು ಹೊರಗ. ಐವತ್ತು ಸಲ, ಕೈಯಾಗ ಬಾಲ್ ಇಲ್ಲದ.